ಅಕ್ಕಿ ಡಬ್ಬದ ಕಂದು ಸೇಬು

ಮೇಣ ಹಚ್ಚಿ, ಮಿರಮಿರ ಮಿಂಚಿಸಿ, ಸಾಲಾಗಿ ಜೋಡಿಸಿಟ್ಟ ಕೆಂಪು ಸೇಬನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಂಬತ್ತರ ದಶಕದ ಮೊದಲಿಗೆ ನ್ಯೂಜೆರ್ಸಿಗೆ ಬಂದಾಗ ಅಂಗಡಿಯಲ್ಲಿ ನಾನು ಮೊದಲು ಕೊಂಡ ಹಣ್ಣು ಅದೇ. ಮೈಸೂರಿನಲ್ಲಿ ಸೇಬು ಎಂದರೆ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಒಯ್ಯುವ ಹಣ್ಣು. ಆರೋಗ್ಯವಾಗಿರುವವರಿಗೆ ಒಂದು ಹೋಳು ಸಿಕ್ಕರೆ ಹೆಚ್ಚು. ಇಲ್ಲಿ ರಾಶಿ ರಾಶಿ ಬಿದ್ದಿರುವುದನ್ನು ಕಂಡು ಒಂದು ಚೀಲ ತುಂಬಿಕೊಂಡು ಬಂದೆ. ಕಚ್ಚಿದರೆ ಒಳಗೆ ಒದ್ದೆ ಹತ್ತಿ. ಎರಡನೆಯದನ್ನು ಕಚ್ಚಿದೆ, ಅದೂ ಹತ್ತಿ. ಅಷ್ಟು ಚೆಂದದ ಮುಖ ಇಟ್ಟುಕೊಂಡು ಹೀಗೆ ಮೋಸ ಮಾಡುವ ಹಣ್ಣನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಣ್ಣಿನ ಮೇಲೆ ಯಾಕೆ ಸಿಟ್ಟು ಮಾಡಿಕೊಳ್ಳುತ್ತೀಯ ಎಂದರು ನನ್ನ ಗಂಡ. ಹಣ್ಣಿನ ಮೇಲಲ್ಲದೆ ಇನ್ಯಾರ ಮೇಲೆ ಮಾಡಿಕೊಳ್ಳಲಿ? ಆ ಊರಿನಲ್ಲಿ ನನಗೆ ಬೇರೆ ಯಾರ ಪರಿಚಯವೂ ಇರಲಿಲ್ಲ.

ಮೂರು ವರ್ಷ ಅಪಾರ್ಟ್‌ಮೆಂಟುಗಳಲ್ಲಿ ಕಳೆದ ಮೇಲೆ ಮನ್ರೋ ಕಡೆ ಒಂದು ಸಣ್ಣ ಹಳೆಯ ಮನೆ ಕೊಂಡೆವು. ಆಗ ಅಲ್ಲಿ ಜೋಳದ ಹೊಲಗಳೇ ಹೆಚ್ಚು, ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಪಕ್ಕದ ಮನೆಯಲ್ಲಿ ಇಂಗ್ಲೆಂಡಿನವರೊಬ್ಬರು ಒಂಟಿಯಾಗಿದ್ದರು. ಎಪ್ಪತ್ತು ದಾಟಿತ್ತು, ನಾವು ಮನೆಯೊಳಗೆ ಅವರನ್ನು ಇಂಗ್ಲಿಷ್ ಅಜ್ಜಿ ಎನ್ನುತ್ತಿದ್ದೆವು. ಯುದ್ಧದ ಕಾಲದಲ್ಲಿ ಅಮೆರಿಕದ ಸಿಪಾಯಿಯನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯ ಹಿಂದೆ ಅವರದೇ ನಾಲ್ಕೈದು ಎಕರೆ ನೆಲ. ಅದರಲ್ಲಿ ನಮ್ಮ ಬೇಲಿಗೆ ಹತ್ತಿರವಾಗಿ ಒಂದೇ ಒಂದು ಹಣ್ಣಿನ ಮರ.

ನಾವು ಹೋದ ಮೊದಲ ಅಕ್ಟೋಬರಿನಲ್ಲಿ ಅಜ್ಜಿ ಬೇಲಿಯ ಮೇಲಿನಿಂದ ಒಂದು ಬುಟ್ಟಿ ಚಾಚಿದರು. ಒಳಗೆ ನೋಡಿ ಹಿಗ್ಗಿಹೋದೆ. ಕಂದು ಬಣ್ಣ, ಗುಂಡಗೆ, ಮೈಯೆಲ್ಲ ಒರಟು. ಸಪೋಟ! ಹಿಮ ಬೀಳುವ ನಾಡಿನಲ್ಲಿ ಸಪೋಟ ಬೆಳೆಯುವುದಿಲ್ಲವೆಂದು ಬಾಟನಿ ಓದಿ ಬಿ.ಎಸ್ಸಿ. ಮಾಡಿದ ನನಗೆ ಹೊಳೆಯಲಿಲ್ಲ. ಆಸೆ ಅಂಥದು. ಅಜ್ಜಿ ಏನೋ ವಿವರಿಸಲು ಹೊರಟಿದ್ದರು. ನಾನು ನಿಂತು ಕೇಳದೆ ಥ್ಯಾಂಕ್ಯೂ ಥ್ಯಾಂಕ್ಯೂ ಎನ್ನುತ್ತ ಒಳಗೆ ಓಡಿದೆ. ಊರಿನಲ್ಲಿ ಸಪೋಟಕ್ಕೆ ಏನು ಮಾಡುತ್ತಿದ್ದೆವೋ ಅದನ್ನೇ ಮಾಡಿದೆ. ಮೇಲಿನ ಹೊಟ್ಟು ಹೋಗಲೆಂದು ನಾಲ್ಕು ಹಣ್ಣನ್ನು ತೆಂಗಿನ ನಾರಿನಿಂದ ತಿಕ್ಕಿದೆ. ಹೊಟ್ಟು ಹೋಗಲಿಲ್ಲ, ಸಿಪ್ಪೆಯೇ ಕಿತ್ತು ಬಂತು. ಉಳಿದವನ್ನು ತಿಕ್ಕದೆ, ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಯಿಂದ ತಂದು ಡಬ್ಬಕ್ಕೆ ತುಂಬಿದ್ದ ಅಕ್ಕಿಯೊಳಗೆ ಹೂತು, ಹಣ್ಣಾಗಲಿ ಎಂದು ಮುಚ್ಚಿಟ್ಟೆ.

ಮಾರನೆಯ ದಿನ ಅಜ್ಜಿ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ಆ ನಾಲ್ಕು ಬೋಳು ಹಣ್ಣುಗಳನ್ನು ಕಂಡರು. ಕೆಂಡಾಮಂಡಲವಾದರು. ಅದರ ಕೋಟನ್ನೇ ಸುಲಿದಿದ್ದೀಯಲ್ಲ, ಅದು ಸೇಬು, ಇಂಗ್ಲೆಂಡಿನ ಸೇಬು, ಎಗ್ರಮಂಟ್ ರಸೆಟ್, ಅದು ಇರುವುದೇ ಹಾಗೆ ಎಂದು ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ನನಗೂ ಸಿಟ್ಟು ಬಂತು. ಸೇಬಂತೆ! ತುಕ್ಕು ಹಿಡಿದ ಹಾಗಿರುವ ಸೇಬು! ಹೊಸದಾಗಿ ಬಂದ ಇಂಡಿಯದವರಿಗೆ ಏನು ಗೊತ್ತಾಗುತ್ತದೆ ಎಂದು ರೋಗ ಬಂದದ್ದನ್ನು ಸಾಗಹಾಕಿದ್ದಾರೆ ಎಂದುಕೊಂಡೆ. ಡಬ್ಬದಲ್ಲಿದ್ದವನ್ನು ಎಸೆಯಬೇಕೆಂದು ಅಂದುಕೊಂಡು, ಆ ಸಿಟ್ಟಿನಲ್ಲಿ ಅದನ್ನೂ ಮಾಡದೆ ಬಿಟ್ಟೆ.

ಮೂರು ವಾರದ ಮೇಲೆ, ದಿನಬಳಕೆಯ ಅಕ್ಕಿ ಮುಗಿದು ಆ ಡಬ್ಬದ ಮುಚ್ಚಳ ತೆರೆದರೆ ಘಮ್ಮೆಂದು ವಾಸನೆ. ಕೈಹಾಕಿ ಒಂದನ್ನು ಎತ್ತಿ, ಒರೆಸಿ, ನಿಂತಲ್ಲೇ ಕಚ್ಚಿದೆ. ರಸ ಸುರಿಯುವ ಹಣ್ಣಲ್ಲ. ಗಟ್ಟಿ, ಸಿಹಿ, ಆ ಸಿಹಿಯ ಹಿಂದೆ ಹುರಿದ ಗೋಡಂಬಿಯಂಥ ರುಚಿ. ಒಂದು ತಿಂದೆ. ಇನ್ನೊಂದು ತಿಂದೆ. ಮೂರನೆಯದನ್ನು ಹಿಡಿದುಕೊಂಡೇ ಅಜ್ಜಿಯ ಬಾಗಿಲು ತಟ್ಟಿ, ನಾನು ಅವರ ಬಗ್ಗೆ ಏನೇನು ಅಂದುಕೊಂಡಿದ್ದೆನೋ ಅದನ್ನೆಲ್ಲ ಹೇಳಿಬಿಟ್ಟೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಹಣ್ಣು ಕಿತ್ತ ಕೂಡಲೇ ರುಚಿಸುವುದಿಲ್ಲ, ಮೂರು ವಾರ ಇಡಬೇಕು ಎಂದೇ ಆವತ್ತು ಹೇಳಲು ಹೊರಟಿದ್ದರಂತೆ. ಅವರು ನ್ಯೂಸ್‌ಪೇಪರಿನಲ್ಲಿ ಸುತ್ತಿ ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಮುಂದಿನ ವರ್ಷ ನನ್ನಿಂದ ಒಂದು ಡಬ್ಬ ಅಕ್ಕಿ ಇಸಿದುಕೊಂಡರು.

ನಮ್ಮ ಸ್ನೇಹ ಬೆಳೆದದ್ದು ಒಟ್ಟಿಗೆ ಬೈಯುವುದರಲ್ಲಿ. ಅಮೆರಿಕದ ಕೆಂಪು ಸೇಬನ್ನು ಬೈಯಲು ನನಗೆ ಮೂರು ವರ್ಷದ ಅನುಭವ, ಅವರಿಗೆ ನಲವತ್ತು ವರ್ಷದ್ದು. ಹೊಸದಾಗಿ ಬಂದಾಗ ಈ ಊರಿನ ಸೇಬು ತಿನ್ನಲಾರೆ ಎಂದು ಅತ್ತಿದ್ದರಂತೆ. ಗಂಡ ಯಾವುದೋ ದೂರದ ನರ್ಸರಿಗೆ ಕಾಗದ ಬರೆದು, ಪೋಸ್ಟಿನಲ್ಲಿ ಒಂದು ಕಡ್ಡಿಯಷ್ಟುದ್ದದ ಸಸಿ ತರಿಸಿ ನೆಟ್ಟನಂತೆ. ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಆ ಹಣ್ಣು ಬೇಡ. ಆಲೂಗಡ್ಡೆ ಎಂದು ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಕೇಳಿ ಇಸಿದುಕೊಂಡು ತಿಂದವಳು ನೀನೊಬ್ಬಳೇ ಎಂದು ಅಜ್ಜಿ ಒಮ್ಮೆ ಹೇಳಿದರು. ನನಗೆ ಹೆಮ್ಮೆಯಾಯಿತು, ಆ ಮಕ್ಕಳ ಮೇಲೆ ಕೋಪವೂ ಬಂತು.

ನಾಲ್ಕು ವರ್ಷ ಹೀಗೆ ನಡೆಯಿತು. ಐದನೆಯ ಬೇಸಿಗೆಯಲ್ಲಿ ಅಜ್ಜಿ, ಮಂಡಿಯ ನೋವು ತಡೆಯಲಾರದೆ, ಮನೆಯನ್ನೂ ನೆಲವನ್ನೂ ಒಬ್ಬ ಬಿಲ್ಡರನಿಗೆ ಮಾರಿದರು. ಮುಂದಿನ ವಸಂತಕ್ಕೆ ಪೆನ್ಸಿಲ್ವೇನಿಯದಲ್ಲಿದ್ದ ಮಗಳ ಮನೆಗೆ ಹೋಗುವುದೆಂದು ನಿರ್ಧಾರವಾಯಿತು. ಹಿಂದಿನ ನೆಲದಲ್ಲಿ ಹೊಸ ಮನೆಗಳು ಏಳುವುದಿತ್ತು. ಮರ ನಿಂತಿದ್ದ ಜಾಗ ಒಂದು ಮನೆಯ ಹಿತ್ತಲಿಗೆ ಬರುತ್ತಿತ್ತು. ಬಿಲ್ಡರನ ಕಡೆಯವನು, ಆ ಮನೆ ಕೊಳ್ಳುವವರು ಮರ ಬೇಕೆಂದು ಬರೆದುಕೊಟ್ಟರೆ ಬಿಡುತ್ತೇವೆ, ಇಲ್ಲದಿದ್ದರೆ ಎಲ್ಲ ಸವರಿ ಸಮ ಮಾಡುತ್ತೇವೆ ಎಂದಿದ್ದ. ಆ ಮನೆಯನ್ನು ಬುಕ್ ಮಾಡಿದವರು ಇಂಡಿಯದವರೆಂದು ಅಜ್ಜಿಗೆ ಗೊತ್ತಾಯಿತು. ನೀವೆಲ್ಲ ಒಬ್ಬರಿಗೊಬ್ಬರು ಗೊತ್ತಿರುತ್ತೀರಲ್ಲ, ಒಂದು ಮಾತು ಹೇಳಿ ನೋಡು ಎಂದರು. ನನಗೆ ರೇಗಿತು. ಎಪ್ಪತ್ತು ಎಂಬತ್ತು ಕೋಟಿ ಜನ ಇರುವ ದೇಶ, ಎಲ್ಲರೂ ಎಲ್ಲರಿಗೂ ಹೇಗೆ ಗೊತ್ತಿರಲು ಸಾಧ್ಯ ಎಂದು ದೊಡ್ಡ ಭಾಷಣವನ್ನೇ ಮಾಡಿದೆ. ಆಮೇಲೆ ವಿಚಾರಿಸಿದರೆ ಆ ಮನೆ ಬುಕ್ ಮಾಡಿದ್ದವರು ನಮ್ಮ ಫೋರ್ಟ್ ಲೀ ಆಂಟಿ.

ಫೋರ್ಟ್ ಲೀ ಆಂಟಿ ಎಂದರೆ ಫೋರ್ಟ್ ಲೀ ಊರಿನಲ್ಲಿ, ನ್ಯೂಯಾರ್ಕಿಗೆ ಹೋಗುವ ಸೇತುವೆ ಪಕ್ಕದ ಎತ್ತರದ ಕಟ್ಟಡದ ಹದಿನೆಂಟನೆಯ ಮಹಡಿಯಲ್ಲಿ ಇದ್ದವರು. ನಮಗಿಂತ ಹದಿನೈದು ವರ್ಷ ಮೊದಲು ಬಂದವರು. ಕನ್ನಡದವರ ಯಾವ ಸಮಾರಂಭವಾದರೂ ಚಿತ್ರಾನ್ನಕ್ಕೆ ಉಪ್ಪು ಸರಿಯಿದೆಯೇ ಎಂಬುದರಲ್ಲಿ ಕೊನೆಯ ಮಾತು ಅವರದೇ. ಈಗ ಅವರಿಗೆ ಹಿತ್ತಲು, ಹುಲ್ಲುಹಾಸು, ತುಳಸಿಕಟ್ಟೆಗೆ ಜಾಗ ಬೇಕಾಗಿತ್ತು. ಒಂದು ಮರ ಉಳಿಸಿ ಎಂದು ಕೇಳಿದರೆ, ಅದೂ ನಾನು ಕೇಳಿದರೆ, ಅವರು ಬೇಡವೆನ್ನುವುದು ಖಂಡಿತ. ಹಣ್ಣು ತಿಂದರೆ ಮನಸ್ಸು ಬರಬಹುದು. ಅಕ್ಟೋಬರಿನಲ್ಲಿ ದಸರೆ, ನಾನು ಪ್ರತಿ ವರ್ಷ ಗೊಂಬೆ ಕೂರಿಸಿ ಎಲ್ಲರನ್ನೂ ಕುಂಕುಮಕ್ಕೆ ಕರೆಯುತ್ತಿದ್ದೆ. ಈ ಸಲ ತಾಂಬೂಲಕ್ಕೆ ಬಾಳೆಹಣ್ಣಲ್ಲ, ಕಿತ್ತಳೆಯಲ್ಲ, ಅಜ್ಜಿಯ ರಸೆಟ್ ಎಂದು ತೀರ್ಮಾನಿಸಿದೆ. ಮೂರು ವಾರ ಇಟ್ಟು ತಿನ್ನಿ ಎಂದು ಎಲ್ಲರಿಗೂ ಬಾಯಿಬಿಟ್ಟು ಹೇಳುವುದೆಂದೂ ಅಂದುಕೊಂಡೆ.

ಆ ದಿನ ಇಪ್ಪತ್ತು ಜನ ಹೆಂಗಸರು ಬಂದರು. ಪಟ್ಟದ ಗೊಂಬೆಗಳಿಗೆ ಆರತಿಯಾಯಿತು, ಹಾಡಾಯಿತು, ಕಡಲೆಕಾಳಿನ ಉಸಲಿ ತಿಂದದ್ದಾಯಿತು. ಒಬ್ಬೊಬ್ಬರಿಗೂ ಪ್ಲಾಸ್ಟಿಕ್ ಚೀಲದಲ್ಲಿ ವೀಳ್ಯದೆಲೆ, ಅಡಿಕೆ, ರವಿಕೆ ಕಣ, ಒಂದು ರಸೆಟ್ ಇಟ್ಟು ಕೈಗೆ ಕೊಟ್ಟೆ. ಆಂಟಿ ಚೀಲದೊಳಗೆ ಬಗ್ಗಿ ನೋಡಿ, ಪಕ್ಕದವರ ಮುಖ ನೋಡಿದರು. ನಾನು ಅದರ ರುಚಿಯ ಬಗ್ಗೆ ಹೇಳುತ್ತಲೇ ಇದ್ದೆ. ಎಲ್ಲರೂ ತಲೆಯಾಡಿಸಿ, ಚೀಲ ಹಿಡಿದು, ಕಾರು ಹತ್ತಿ ಹೋದರು.

ಮಾರನೆಯ ಬೆಳಿಗ್ಗೆ ಅಜ್ಜಿ ಒಂದು ತಗಡಿನ ಬಕೆಟ್ ಹಿಡಿದುಕೊಂಡು ಕುಂಟುತ್ತ ಬಂದರು. ಅದರಲ್ಲಿ ಒಂಬತ್ತು ರಸೆಟ್. ನಮ್ಮ ಡ್ರೈವ್‌ವೇ ಚಿಕ್ಕದಾದ್ದರಿಂದ ಬಂದವರು ಕಾರುಗಳನ್ನು ಅವರ ಮನೆಯ ಮುಂದಿನ ರಸ್ತೆಯಂಚಿನಲ್ಲಿ ನಿಲ್ಲಿಸಿದ್ದರು. ಹಣ್ಣುಗಳು ಅಲ್ಲಿ ಹುಲ್ಲಿನ ಮೇಲೆ ಬಿದ್ದಿದ್ದವಂತೆ. ನಿನ್ನ ಗೆಳತಿಯರ ಕೈಯಿಂದ ಜಾರಿಬಿಟ್ಟಿರಬೇಕು ಎಂದರು ಅಜ್ಜಿ. ಒಂಬತ್ತು ಕೈಗಳಿಂದ ಒಂಬತ್ತು ಹಣ್ಣು ಜಾರಿತ್ತು, ಒಂದೇ ಒಂದು ರವಿಕೆ ಕಣ ಜಾರಿರಲಿಲ್ಲ.

ತಾಂಬೂಲ! ಕೊಟ್ಟ ತಾಂಬೂಲವನ್ನು ಬಿಟ್ಟು ಹೋಗುವವರನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನಮ್ಮಮ್ಮ ಬಾಡಿದ ಎರಡು ವೀಳ್ಯದೆಲೆ, ಕಪ್ಪಾದ ಬಾಳೆಹಣ್ಣು ಕೊಟ್ಟರೂ ಜನ ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇವರು ಮಡಿ, ಸಂಪ್ರದಾಯ ಎಂದು ನನಗೆ ಪಾಠ ಹೇಳುವವರು, ಬಣ್ಣ ನೋಡಿ ಬೀದಿಗೆ ಎಸೆದಿದ್ದರು. ಕೆಂಪಗೆ ಹೊಳೆಯುವ ಹತ್ತಿಯುಂಡೆ ಕೊಟ್ಟಿದ್ದರೆ ಮನೆಗೆ ಒಯ್ದು ದೇವರ ಮುಂದೆ ಇಡುತ್ತಿದ್ದರು. ನಾನು ಫೋನ್ ಎತ್ತಿದೆ. ನನ್ನ ಗಂಡ ಬಂದು ಫೋನ್ ಇಡಿಸಿದರು. ಅವರು ಸೌಮ್ಯ, ನನ್ನ ಜೊತೆ ಬಾಳಿ ಬಾಳಿ ಹಾಗಾಗಿದ್ದಾರೆ.

"ನಿಂಗೆ ಮರ ಉಳೀಬೇಕಾ, ಜಗಳ ಆಡ್ಬೇಕಾ?" ಎಂದರು. "ಎರಡರಲ್ಲಿ ಒಂದು ಹೇಳು."

ಮರ ಎಂದೆ. ಸಿಟ್ಟನ್ನು ನುಂಗಿದೆ. ಒಂಬತ್ತು ಹಣ್ಣನ್ನೂ ತೊಳೆದು, ಒರೆಸಿ, ಅಕ್ಕಿಯಲ್ಲಿ ಹೂತೆ. ದೀಪಾವಳಿಗೆ ಮೂರು ವಾರವಿತ್ತು.

ದೀಪಾವಳಿಯ ಮಧ್ಯಾಹ್ನದ ಊಟಕ್ಕೆ ಆಂಟಿಯನ್ನೂ ಇನ್ನು ಮೂರು ನಾಲ್ಕು ಸಂಸಾರದವರನ್ನೂ ಕರೆದೆ. ಒಂಬತ್ತು ರಸೆಟ್‌ಗಳ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿ ರಸಾಯನ ಮಾಡಿದೆ. ಬೇರೆ ರಸೆಟ್‌ಗಳೂ ಮನೆಯಲ್ಲಿದ್ದವು. ಆದರೂ ನಾನು ಬೇಕೆಂದೇ ಆ ಒಂಬತ್ತನ್ನು ಹೆಚ್ಚಿದೆ. ಯಾಕೆಂದು ಆಗ ಯಾರಾದರೂ ಕೇಳಿದ್ದರೆ ಚೆನ್ನಾಗಿ ಹಣ್ಣಾಗಿವೆ ಎನ್ನುತ್ತಿದ್ದೆ.

ಆಂಟಿ ಒಂದು ಬಟ್ಟಲು ತಿಂದರು. ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲ ತಾವೇ ಸೌಟು ಎತ್ತಿಕೊಂಡರು.

"ಏನಮ್ಮ ಹಣ್ಣು ಇದು? ಎಲ್ಲಿ ಸಿಕ್ತು?"

"ಇದರ ಮರ ನಿಮ್ಮ ಹೊಸ ಮನೆ ಹಿತ್ತಲಲ್ಲೇ ಇದೆ ಆಂಟಿ. ನೀವು ಬೇಕು ಅಂತ ಬರ್‍ಕೊಟ್ರೆ ಬಿಲ್ಡರ್ ಕಡಿಯಲ್ವಂತೆ."

ಅವರ ಮುಖ ಅರಳಿತು. ಹೌದಾ, ನಮ್ಮ ಹಿತ್ತಲಲ್ಲಾ ಎಂದರು. ಹಾಗಾದರೆ ಕಡಿಸಬಾರದು, ನಾಳೆಯೇ ಬಿಲ್ಡರನಿಗೆ ಫೋನ್ ಮಾಡುತ್ತೇನೆ ಎಂದರು. ಅಷ್ಟೇ. ಕೆಲಸ ಮುಗಿದಿತ್ತು. ಎದುರಿಗೆ ಕೂತಿದ್ದ ನನ್ನ ಗಂಡ ನನ್ನ ಕಡೆ ನೋಡಿ, ಇನ್ನು ಬಾಯಿ ಮುಚ್ಚು ಎಂಬಂತೆ ಮೆಲ್ಲಗೆ ತಲೆಯಾಡಿಸಿದರು. ಆಗ ಆಂಟಿ ನಕ್ಕು ಇನ್ನೊಂದು ಮಾತು ಸೇರಿಸಿದರು.

"ಇಂಥ ಹಣ್ಣು ಇಟ್ಕೊಂಡು, ದಸರಾದಲ್ಲಿ ಅದೇನೋ ಕೊಳೆತ ಆಲೂಗಡ್ಡೆ ಥರದ್ದು ಕೊಟ್ಯಲ್ಲೇ."

ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ವಿಷವಿರಲಿಲ್ಲ, ಊಟದ ಮಧ್ಯೆ ದೊಡ್ಡವರು ಚಿಕ್ಕವರನ್ನು ಹಾಸ್ಯ ಮಾಡುವಂತೆ ಮಾಡಿದ್ದರು. ನಾನೂ ನಕ್ಕು ಸೌಟು ಹಿಡಿದು ಮುಂದಿನ ಎಲೆಗೆ ಹೋಗಬಹುದಿತ್ತು. ಮೂರು ವಾರ ನುಂಗಿಕೊಂಡದ್ದು ಗಂಟಲಿಗೆ ಬಂತು.

"ಅದೇ ಹಣ್ಣು ಆಂಟಿ ಇದು," ಎಂದೆ. "ರವಿಕೆ ಕಣ ಇಟ್ಕೊಂಡು ರಸ್ತೇಲಿ ಎಸೆದು ಹೋದ್ರಲ್ಲ, ಅದೇ. ಎಸೆದಿದ್ದನ್ನ ಆರಿಸಿ ತಂದು ಹೆಚ್ಚಿದ್ದೀನಿ. ಮೂರು ಸಲ ಹಾಕಿಸ್ಕೊಂಡ್ರಿ."

ಆಂಟಿ ಬಟ್ಟಲನ್ನು ಕೆಳಗಿಟ್ಟರು. ಕೂಗಾಡಲಿಲ್ಲ. ಬೀದಿಯಲ್ಲಿ ಬಿದ್ದದ್ದನ್ನು ಹಬ್ಬದ ದಿನ ಬಡಿಸಿದೆಯಾ ಎಂದು ಮೆಲ್ಲಗೆ ಕೇಳಿದರು. ತೊಳೆದಿದ್ದೆ ಎಂದೆ. ಎದ್ದು ಕೈ ತೊಳೆದುಕೊಂಡು, ಕುಂಕುಮ ತೆಗೆದುಕೊಳ್ಳದೆ, ಕೋಟು ಹಾಕಿಕೊಂಡು ಹೊರಟರು. ಉಳಿದವರೂ ತಲೆ ತಗ್ಗಿಸಿ ಊಟ ಮುಗಿಸಿದರು. ಹಣ್ಣು ಎಸೆದಿದ್ದ ಒಂಬತ್ತು ಜನರಲ್ಲಿ ಅಲ್ಲಿ ಎಷ್ಟು ಜನ ಇದ್ದರೋ, ಅವರೆಲ್ಲರಿಗೂ ಸರಿಯಾಗಿ ತಟ್ಟಿತು ಎಂದು ನನಗೆ ಆ ಸಂಜೆಯೆಲ್ಲ ಖುಷಿಯೋ ಖುಷಿ. ನನ್ನ ಗಂಡ ಪಾತ್ರೆ ತೊಳೆದರು.

ಮಾರನೆಯ ದಿನ ಅಜ್ಜಿಯ ಹತ್ತಿರ ಓಡಿದೆ. ಕೆಂಪು ಸೇಬನ್ನು ಬೈಯಲು ನಲವತ್ತು ವರ್ಷದ ಅನುಭವವಿದ್ದವರು. ನನ್ನ ಈ ಗೆಲುವನ್ನು ಅವರಲ್ಲದೆ ಇನ್ಯಾರು ಮೆಚ್ಚಬೇಕು? ಆಂಟಿಯ ಮುಖ ಹೇಗಾಯಿತು, ಬಟ್ಟಲು ಹೇಗಿಟ್ಟರು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅಜ್ಜಿ ನಗಲಿಲ್ಲ.

"ಮರ ಉಳಿಸುತ್ತೇನೆ ಎಂದು ಅವರು ಹೇಳಿದ್ದು ನೀನು ಇದನ್ನು ಹೇಳುವುದಕ್ಕೆ ಮೊದಲೋ, ಆಮೇಲೋ?" ಎಂದು ಕೇಳಿದರು.

"ಮೊದಲು."

ಅವರು ಕಿಟಕಿಯ ಕಡೆ ನೋಡಿದರು. ಎಲೆಯೆಲ್ಲ ಉದುರಿ ಮರ ಬರಿದಾಗಿ ನಿಂತಿತ್ತು.

"ನಿನಗೆ ಗೆಲ್ಲಬೇಕಾಗಿತ್ತು," ಎಂದರು. "ನನಗೆ ಮರ ಬೇಕಾಗಿತ್ತು."

ಆಮೇಲೆ ನಾನು ಆಂಟಿಗೆ ಫೋನ್ ಮಾಡಿದೆ. ಒಂದಲ್ಲ, ಐದಾರು ಸಲ. ಅವರ ಯಜಮಾನರು ಎತ್ತಿ, ಸ್ನಾನಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ ಎನ್ನುತ್ತಿದ್ದರು. ಕ್ಷಮಿಸಿ ಎಂದು ಕಾಗದವನ್ನೂ ಬರೆದೆ, ಉತ್ತರ ಬರಲಿಲ್ಲ. ಹಿತ್ತಲಿನಲ್ಲಿ ಏನನ್ನೂ ಬಿಡಬೇಡಿ ಎಂದು ಅವರು ಬರೆದುಕೊಟ್ಟಿದ್ದಾರೆಂದು ಕ್ರಿಸ್‌ಮಸ್‌ಗೆ ಮೊದಲು ಬಿಲ್ಡರನ ಕಡೆಯವನು ಅಜ್ಜಿಗೆ ಹೇಳಿ ಹೋದ. ನನ್ನ ಮೇಲಿನ ಕೋಪವನ್ನು ಒಂದು ಮರದ ಮೇಲೆ ತೀರಿಸಿಕೊಂಡರಲ್ಲ ಎಂದು ನಾನು ಆಂಟಿಯನ್ನು ಬೈದೆ. ಬೈಯುತ್ತಿದ್ದಾಗಲೇ ನನಗೆ ಗೊತ್ತಿತ್ತು, ನಾನು ಮಾಡಿದ್ದೂ ಅದನ್ನೇ.

ಮಾರ್ಚಿನಲ್ಲಿ ಹೊರಡುವ ಮುಂಚೆ ಅಜ್ಜಿ ಮರದಿಂದ ಕೆಲವು ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ನಮ್ಮ ಮನೆಯ ಮುಂದೆ ಒಂದು ಕಾಡುಸೇಬಿನ ಗಿಡವಿತ್ತು. ಅದಕ್ಕೆ ಕಸಿ ಕಟ್ಟುವುದು ಹೇಗೆಂದು ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟರು, ಕಟ್ಟಿದ್ದು ನಾನು. ಅವರು ಹೋದ ವಾರದಲ್ಲೇ ಗರಗಸದ ಸದ್ದು ಕೇಳಿತು. ಒಂದು ಮರಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ನಾನು ಕಟ್ಟಿದ ನಾಲ್ಕು ಕಸಿಗಳಲ್ಲಿ ಒಂದೂ ಚಿಗುರಲಿಲ್ಲ. ಬಾಟನಿಯ ಡಿಗ್ರಿ ಎರಡನೆಯ ಸಲ ಕೈಕೊಟ್ಟಿತು. ಅಜ್ಜಿಗೆ ಕಾಗದ ಬರೆದಾಗ ಈ ವಿಷಯ ತಿಳಿಸಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ದಸರೆಗೆ ಆಂಟಿಯೇ ಫೋನ್ ಮಾಡಿದರು. ಒಂದು ವರ್ಷ ಮಾತಿರಲಿಲ್ಲ. ಹೊಸ ಮನೆಗೆ ಬಂದಾಯಿತು, ಗೊಂಬೆ ಕೂರಿಸಿದ್ದೇನೆ, ಕುಂಕುಮಕ್ಕೆ ಬಾ ಎಂದರು. ಕುಂಕುಮಕ್ಕೆ ಕರೆದರೆ ಹೋಗದಿರುವುದು ನಮ್ಮಲ್ಲಿಲ್ಲ. ಬೇಲಿಯಾಚೆಯ ಮನೆ, ಆದರೂ ರಸ್ತೆ ಸುತ್ತಿ ಹೋಗಬೇಕು. ಹೋದೆ. ಆಂಟಿ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಮನೆಯೆಲ್ಲ ತೋರಿಸಿದರು. ಅಡಿಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು: ಹಾಸಿದ ಹುಲ್ಲು, ಅದರಾಚೆ ನಮ್ಮ ಮನೆಯ ಬೆನ್ನು.

"ಎಷ್ಟು ಬೆಳಕು ಬರತ್ತೆ ನೋಡು," ಎಂದರು. ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೊರಡುವಾಗ ಕುಂಕುಮವಿಟ್ಟು ತಾಂಬೂಲ ಕೊಟ್ಟರು. ವೀಳ್ಯದೆಲೆ, ಅಡಿಕೆ, ಹಸಿರು ರವಿಕೆ ಕಣ, ಅದರ ಮೇಲೆ ಒಂದು ದೊಡ್ಡ ಕೆಂಪು ಸೇಬು, ಮೈಮೇಲೆ ಅಂಗಡಿಯ ಸ್ಟಿಕ್ಕರ್. ಬರುವ ದಾರಿಯಲ್ಲಿ ಅಜ್ಜಿಯ ಹಳೆಯ ಮನೆ ಇದ್ದ ಜಾಗದ ಮುಂದೆ, ಒಂಬತ್ತು ಹಣ್ಣು ಬಿದ್ದಿದ್ದ ರಸ್ತೆಯಂಚಿನಲ್ಲಿ, ನನ್ನ ಕಾಲು ತಾನಾಗಿ ನಿಂತಿತು. ಸುತ್ತ ಯಾರೂ ಇರಲಿಲ್ಲ. ಹಣ್ಣನ್ನು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ. ಆಮೇಲೆ ಮತ್ತೆ ಚೀಲದೊಳಗಿಟ್ಟು ಮನೆಗೆ ಬಂದೆ.

ಅಡಿಗೆಮನೆಯಲ್ಲಿ ಸ್ಟಿಕ್ಕರ್ ಕಿತ್ತು, ಮೇಣ ಹೋಗುವ ತನಕ ಬಿಸಿನೀರಿನಲ್ಲಿ ತೊಳೆದು, ಸಿಂಕಿನ ಮುಂದೆ ನಿಂತು ಕಚ್ಚಿದೆ. ಗಂಡ ಬಾಗಿಲಲ್ಲಿ ನಿಂತು ನೋಡಿದರು. ನಿನಗೆ ಅದು ಸೇರುವುದಿಲ್ಲವಲ್ಲ, ಬಿಡು ಎಂದರು.

"ತಾಂಬೂಲ ರೀ," ಎಂದೆ.

ಒದ್ದೆ ಹತ್ತಿಯಂತೆಯೇ ಇತ್ತು. ಒಂದು ಚೂರೂ ಬಿಡದೆ ತಿಂದೆ.